ಮುರಕಲ್ಲಿನ ಗೋಡೆಗೆ ವೈಫೈ ಸುಸ್ತು
ವೈಫೈ ಇರುವಾಗ ಮನೆಯಲ್ಲಿ ಕೇಬಲ್ ಯಾಕೆ ಅಂತ ಲೇಖನದಲ್ಲಿ ಕೇಳಿದ್ದೀರಿ. ನಮ್ಮ ಉಡುಪಿ ಕಡೆಯ ಹಳೇ ಮನೆ ನೀವು ನೋಡಿಲ್ಲ ಅನಿಸುತ್ತದೆ! ದಪ್ಪ ಮುರಕಲ್ಲಿನ ಎರಡು ಗೋಡೆ ದಾಟುವಷ್ಟರಲ್ಲಿ ವೈಫೈಯ 5 ಗಿಗಾಹರ್ಟ್ಸ್ ಸಿಗ್ನಲ್ ಸುಸ್ತು. 2.4 ಗಿಗಾಹರ್ಟ್ಸ್ ಸಿಗ್ನಲ್ ಸ್ವಲ್ಪ ಜಾಸ್ತಿ ಒಳಗೆ ಬರುತ್ತದೆ, ಆದರೆ ವೇಗ ಕಡಿಮೆ. ಅಕ್ಕಪಕ್ಕದ ರೂಟರ್‌ಗಳ ಗಲಾಟೆ ಬೇರೆ. ಕೊನೆಗೆ ಚಾವಡಿಯಿಂದ ಮಾಳಿಗೆಗೆ ಕ್ಯಾಟ್ 6 ಅನ್ನುವ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆದೆ. 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಆರಾಮಾಗಿ ಹೋಗುತ್ತದೆ.

ಆದರೆ ತಾಮ್ರಕ್ಕೂ ಒಂದು ಕಾಟ ಇದೆ, ಸಿಡಿಲು. ಹೋದ ಮೇ ತಿಂಗಳಲ್ಲಿ, ಅಂಗಳ ದಾಟಿ ಹಟ್ಟಿಯ ಕ್ಯಾಮೆರಾಗೆ ಹೋಗಿದ್ದ ಕೇಬಲ್‌ನಲ್ಲಿ ಸಿಡಿಲಿನ ಕರೆಂಟ್ ಬಂದು, ಕೇಬಲ್‌ಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚೇ ಸುಟ್ಟುಹೋಯಿತು. ಈಗ ಅಲ್ಲಿಗೆ ಫೈಬರ್ ಹಾಕಿದ್ದೇನೆ. ಗಾಜಿನ ಎಳೆ ಅಲ್ವಾ, ಕರೆಂಟ್ ಹರಿಯುವುದಿಲ್ಲ. ಫೋನಿಗೆ ವೈಫೈಯೇ ಬೇಕು, ಅದಕ್ಕೆ ನನ್ನ ತಕರಾರಿಲ್ಲ.