ಆನ್‌ಲೈನ್ ಪಾಠ ಅಂದರೆ ಲಿಂಕ್ ಕಳಿಸುವುದಷ್ಟೇನಾ ಸರ್?

ಜುಲೈ ಬಂತು ಅಂದರೆ ನಮ್ಮ ಹೊಸನಗರದ ಕಡೆ ರಸ್ತೆಗೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಹಳ್ಳಿ ಬಸ್ ನಿಲ್ಲುತ್ತದೆ. ಅತ್ತ ಶಿವಮೊಗ್ಗದ ನಮ್ಮ ಕಾಲೇಜಿನಲ್ಲಿ ಕ್ಲಾಸು ಮಾತ್ರ ನಡೆಯುತ್ತಲೇ ಇರುತ್ತದೆ. ಬರಲಾಗದವರಿಗೆ ಆ ದಿನದ ಪಾಠ ರೆಕಾರ್ಡ್ ಮಾಡಿ ಹಾಕಿ ಅಂತ ಕೇಳಿದರೆ ಉಪನ್ಯಾಸಕರ ಉತ್ತರ ರೆಡಿ ಇರುತ್ತದೆ: "ರೆಕಾರ್ಡ್ ಹಾಕಿದರೆ ನಾಳೆಯಿಂದ ಕ್ಲಾಸಿಗೆ ಯಾರು ಬರ್ತೀರಿ?"

ಬರುತ್ತೇವೆ ಸರ್. ಬೆಳಿಗ್ಗೆ ಕತ್ತಲಲ್ಲೇ ಎದ್ದು, ಎರಡು ಬಸ್ ಬದಲಿಸಿ ಬರುವವರು ನಾವು. ನಮಗೆ ಕ್ಲಾಸು ಬೇಡ ಅಂತ ಯಾರು ಹೇಳಿದರು?

ಹೋಗಲಿ, ಹಾಕುವುದಾದರೂ ಏನು? ವಾಟ್ಸಾಪ್ ಗ್ರೂಪಿಗೆ ಹಳೇ ನೋಟ್ಸಿನ ಫೋಟೋ. ಹಾಳೆ ಸೊಟ್ಟಗೆ, ಅರ್ಧದ ಮೇಲೆ ಫೋನಿನ ನೆರಳು, ಎಡಬದಿಯ ಅಕ್ಷರ ಕಟ್. ಕೊನೆಯ ಸಾಲಿನ ಸೂತ್ರದ ಮೇಲೆ ಹೆಬ್ಬೆರಳು. ಇದಕ್ಕೆ ಅವರಿಡುವ ಹೆಸರು ಇ-ಕಂಟೆಂಟ್. ಡೌಟ್ ಕೇಳೋಣ ಅಂದರೆ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕಬಹುದು.

ಇನ್ನು ಕೆಲವರದು ಗೂಗಲ್ ಮೀಟ್. ರಾತ್ರಿ ಎಂಟೂವರೆಗೆ ಲಿಂಕ್ ಬರುತ್ತದೆ, ಒಂಬತ್ತಕ್ಕೆ ಕ್ಲಾಸು. ಕ್ಯಾಮೆರಾ ಆನ್ ಇರಲೇಬೇಕಂತೆ. ನಮ್ಮ ಮನೆಯಲ್ಲಿ ಎರಡು ಕಡ್ಡಿ ಸಿಗ್ನಲ್ ಬಂದರೆ ಹೆಚ್ಚು. ಪಿಪಿಟಿ ಓದಿ ಮುಗಿಸುವಷ್ಟರಲ್ಲಿ ಮೂರು ಸಲ ಹೊರಗೆ ಬಿದ್ದಿರುತ್ತೇವೆ. ಮರುದಿನ ನೋಡಿದರೆ ಹೆಸರಿನ ಮುಂದೆ ಆಬ್ಸೆಂಟ್.

2020ರ ಮಾರ್ಚ್‌ನಲ್ಲಿ ಕಾಲೇಜು ಮುಚ್ಚಿದಾಗ ಮಲೆನಾಡಿನ ಮಕ್ಕಳು ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಿ ಕೂತಿದ್ದರು. ಅದನ್ನು ಪೇಪರಿನಲ್ಲಿ ಓದಿದವರೇ ತಾನೇ ಇವರೂ? ಒಂದು ಗಂಟೆಯ ಪಾಠದ ಆಡಿಯೋ ಸಣ್ಣ ಸೈಜಿನಲ್ಲಿ 15-20 ಎಂಬಿ ದಾಟುವುದಿಲ್ಲ. ಬೋರ್ಡಿನದೊಂದು ಸರಿಯಾದ ಫೋಟೋ ಜೊತೆಗಿದ್ದರೆ ಸಾಕು. ಸಿಗ್ನಲ್ ಸಿಕ್ಕಾಗ ಇಳಿಸಿಕೊಂಡು ಕೇಳುತ್ತೇವೆ.

ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಸ್ವಯಂ ಪೋರ್ಟಲ್ ಶುರುವಾಗಿದ್ದು 2017ರಲ್ಲಿ. ವಿಡಿಯೋ, ಓದುವ ಸಾಮಗ್ರಿ, ಸ್ವಪರೀಕ್ಷೆ, ಚರ್ಚೆ, ನಾಲ್ಕೂ ಸೇರಿದರೇ ಅಲ್ಲಿ ಒಂದು ಕೋರ್ಸ್. ಒಂದು ಸೆಮಿಸ್ಟರಿನ 40%ವರೆಗಿನ ಕೋರ್ಸುಗಳನ್ನು ಅದರಲ್ಲೇ ಮಾಡಲು ವಿದ್ಯಾರ್ಥಿಗೆ ಬಿಡಬಹುದು ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲೇ ನಿಯಮ ತಂದಿದೆ. ನಮ್ಮಲ್ಲಿ ಅದರ ಬಗ್ಗೆ ಕೇಳಿದರೆ, "ಅದೆಲ್ಲ ಟೈಮ್‌ಪಾಸ್, ಸುಮ್ನೆ ಓದ್ಕೊಳ್ಳಿ" ಅಂತಾರೆ. ಹಾಗಂದವರೇ ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುತ್ತದೆ ಅಂದಾಗ ಓಡಾಡಿ ನಮ್ಮಿಂದ ರಿಜಿಸ್ಟರ್ ಮಾಡಿಸಿದರು. ತಂಡ ಹೋದ ಮೇಲೆ ಯಾವ ಕೋರ್ಸ್, ಎಲ್ಲಿಗೆ ಬಂತು ಅಂತ ಒಬ್ಬರೂ ವಿಚಾರಿಸಲಿಲ್ಲ.

ಅತಿಥಿ ಉಪನ್ಯಾಸಕರ ಮೇಲೆ ನನಗೆ ಸಿಟ್ಟಿಲ್ಲ. ಕೈಗೆ ಬರುವುದೇ ಕಡಿಮೆ, ಅದೂ ಹೊತ್ತಿಗೆ ಬರುವುದಿಲ್ಲ. ಆದರೂ ನಮ್ಮ ಕ್ಲಾಸಿಗೆ ಆಡಿಯೋ ಕಳಿಸುವುದು ಅವರಲ್ಲೇ ಒಬ್ಬರು. ಕಾಯಂ ಕೆಲಸ, ಲ್ಯಾಪ್‌ಟಾಪ್, ಕಾಲೇಜಿನ ವೈಫೈ ಎಲ್ಲ ಇದ್ದವರಿಗೆ ಇದು ತಮ್ಮ ಕೆಲಸ ಅಂತಲೇ ಅನಿಸುವುದಿಲ್ಲ ಅಲ್ವಾ, ಸಿಟ್ಟು ಬರುವುದು ಅಲ್ಲಿ. ಮುಂದಿನ ವಾರ ಇಂಟರ್ನಲ್ಸ್. ಮಳೆಯಲ್ಲಿ ತಪ್ಪಿಹೋದ ಯೂನಿಟ್‌ನಿಂದಲೇ ಪ್ರಶ್ನೆ ಬರುತ್ತದೆ ಅಂತ ಈಗಲೇ ಹೇಳಿಬಿಟ್ಟಿದ್ದಾರೆ.