ಮೂರು ಭಾನುವಾರದ ಪ್ರಕಟಣೆ

ನಮ್ಮ ಚರ್ಚಿನ ಸಭೆಯಲ್ಲಿ ಮದುವೆ ಗೊತ್ತಾದರೆ ಮೂರು ಭಾನುವಾರ ಪ್ರಕಟಣೆ ಓದುತ್ತಾರೆ. ಹುಡುಗನ ಹೆಸರು, ಹುಡುಗಿಯ ಹೆಸರು, ಯಾರ ಮಕ್ಕಳು, ಯಾವ ಸಭೆಯವರು. ಕೊನೆಗೆ, ಈ ಮದುವೆಗೆ ಯಾರಿಗಾದರೂ ಅಡ್ಡಿಯಿದ್ದರೆ ತಿಳಿಸಬೇಕು ಅಂತ. ಆಗ ನಾವೆಲ್ಲ ಒಮ್ಮೆ ತಿರುಗಿ ನೋಡುತ್ತೇವೆ, ಹುಡುಗಿ ಎಲ್ಲಿ ಕೂತಿದ್ದಾಳೆ ಅಂತ.

ಹನ್ನೊಂದು ವರ್ಷ ನಮಗೆ ಕೀಬೋರ್ಡ್ ನುಡಿಸಿದ ಹುಡುಗನೊಬ್ಬ ಇದ್ದ. ಪ್ರಕಟಣೆ ಓದುವಾಗ ಅವನು ಹಾಡಿನ ಪುಸ್ತಕ ತಿರುವಿ ಹಾಕುತ್ತಿದ್ದ. ಮುಂದಿನ ಹಾಡಿಗೆ ಆಗಲೇ ಚೀಟಿ ಇಟ್ಟಿರುತ್ತಿದ್ದ, ಆದರೂ ಹುಡುಕುತ್ತಿದ್ದ. ಒಂದು ಕ್ರಿಸ್ಮಸ್ಸಿನಲ್ಲಿ ಕ್ಯಾರಲ್ ಹಾಡಿ ಮನೆಗೆ ವಾಪಸ್ ಬರುವಾಗ, "ಅಕ್ಕಾ, ನನ್ನ ಹೆಸರು ಇಲ್ಲಿ ಯಾವತ್ತೂ ಓದಲ್ಲ" ಅಂದ. ಅವನು ಸಲಿಂಗಿ ಅಂತ ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ವಿಷಯ ಹೇಗೋ ಹಿರಿಯರ ಕಿವಿಗೂ ಬಿತ್ತು. ಯಾರೂ ಬೈಯಲಿಲ್ಲ. "ಸ್ವಲ್ಪ ದಿನ ರೆಸ್ಟ್ ತಗೋಪ್ಪಾ" ಅಂದರು, ಅಷ್ಟೇ. ಮುಂದಿನ ಭಾನುವಾರ ಕೀಬೋರ್ಡ್ ಮೇಲೆ ಬಟ್ಟೆ ಹೊದಿಸಿತ್ತು. ನಾನೂ ಸುಮ್ನೆ ಕೂತಿದ್ದೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅವನು ಈಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲೊಂದು ಮೆಥೋಡಿಸ್ಟ್ (ಅದು ಪ್ರೊಟೆಸ್ಟಂಟರ ಒಂದು ಪಂಗಡ) ಸಭೆಯಲ್ಲಿ ಮತ್ತೆ ನುಡಿಸುತ್ತಾನೆ.

ಸಲಿಂಗಿಗಳ ಮದುವೆಯ ಮಾತು ತೆಗೆದರೆ ನಮ್ಮವರು ತಕ್ಷಣ ಹೇಳುವುದು, "ಅದೆಲ್ಲ ಫಾರಿನ್ನವರ ಜಗಳ, ನಮಗ್ಯಾಕೆ?" ನಾನು ಹುಟ್ಟಿದ್ದು ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ. 1906ರಲ್ಲಿ ಅದನ್ನು ಶುರುಮಾಡಿದ್ದು ಇಂಗ್ಲೆಂಡಿನ ವೆಸ್ಲಿಯನ್ ಮೆಥೋಡಿಸ್ಟರು. ಮೈಸೂರಿನಲ್ಲಿ ಕನ್ನಡ ಪುಸ್ತಕ ಅಚ್ಚು ಹಾಕುತ್ತಿದ್ದ ವೆಸ್ಲಿ ಪ್ರೆಸ್ಸೂ ಅವರದೇ. 1947ರಲ್ಲಿ ನಾವೆಲ್ಲ ಬೇರೆ ಪಂಗಡಗಳ ಜೊತೆ ಸೇರಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದೆವು, ನಿಜ. ಆದರೂ ಆ ಮೆಥೋಡಿಸ್ಟ್ ಚರ್ಚು ನಮ್ಮ ಅಜ್ಜಿ ಮನೆ. ಆಸ್ಪತ್ರೆ ಬೇಕು, ಸ್ಕೂಲು ಬೇಕು, ಹಾಡಿನ ರಾಗ ಬೇಕು, ಅಜ್ಜಿ ಮನೆಯವರು ಪ್ರಾರ್ಥಿಸಿ ತಗೊಂಡ ತೀರ್ಮಾನ ಮಾತ್ರ ಕಿವಿಗೂ ಬೀಳಬಾರದು ಅಂದರೆ ಹೇಗೆ?

ಆ ತೀರ್ಮಾನ ಆಗಿದ್ದು 2021ರ ಜೂನ್ 30ರಂದು. ಬ್ರಿಟನ್ನಿನ ಮೆಥೋಡಿಸ್ಟರ ಮಹಾಸಭೆಯಾದ ಕಾನ್ಫರೆನ್ಸ್ ಸಲಿಂಗಿಗಳ ಮದುವೆಗೆ ಒಪ್ಪಿತು. ಪರವಾಗಿ 254 ವೋಟು, ವಿರುದ್ಧ 46. ಅದಕ್ಕೆ ಮೊದಲು ಊರೂರಿನ ಸಭೆಗಳಲ್ಲಿ, ಜಿಲ್ಲಾ ಮಟ್ಟದ ಸಿನೋಡ್ ಕೂಟಗಳಲ್ಲಿ ಕೂತು ಮಾತಾಡಿದ್ದರು. ನನಗೆ ಬಹಳ ಹಿಡಿಸಿದ್ದು ಇನ್ನೊಂದು. ಮನಸ್ಸಾಕ್ಷಿ ಒಪ್ಪದ ಪಾಸ್ಟರ್ ಇಂಥ ಮದುವೆ ಮಾಡಿಸಬೇಕಿಲ್ಲ. ಬೇಡ ಅನ್ನುವ ಸಭೆ ತನ್ನ ಕಟ್ಟಡ ಕೊಡಬೇಕಿಲ್ಲ. ಮಾಡಿಸುವವರನ್ನು ತಡೆಯುವ ಹಾಗೂ ಇಲ್ಲ.

ಅಮೆರಿಕದ ಯುನೈಟೆಡ್ ಮೆಥೋಡಿಸ್ಟ್ ಚರ್ಚ್ ಬೇರೆ ದಾರಿ ಹಿಡಿದಿತ್ತು. ಸಲಿಂಗ ಸಂಬಂಧ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಅಂತ 1972ರಲ್ಲಿ ನಿಯಮದ ಪುಸ್ತಕದಲ್ಲಿ ಬರೆದರು. ಆಮೇಲೆ ಅಂಥವರು ಪಾಸ್ಟರ್ ಆಗಬಾರದು, ಅಂಥ ಮದುವೆ ಮಾಡಿಸಬಾರದು ಅಂತ ಒಂದೊಂದೇ ಸೇರಿತು. ಪೆನ್ಸಿಲ್ವೇನಿಯಾದ ಪಾಸ್ಟರ್ ಫ್ರಾಂಕ್ ಶೇಫರ್ 2007ರಲ್ಲಿ ಸ್ವಂತ ಮಗನ ಮದುವೆ ಮಾಡಿಸಿದರು. ಮಗ ಕೈಹಿಡಿದದ್ದು ಒಬ್ಬ ಗಂಡಸನ್ನು. ಆರು ವರ್ಷ ಕಳೆದ ಮೇಲೆ ದೂರು ಬಂತು, ಚರ್ಚಿನೊಳಗೇ ವಿಚಾರಣೆ ನಡೆಯಿತು. ಮೂವತ್ತು ದಿನ ಅಮಾನತು, ಅಷ್ಟರಲ್ಲಿ ಇನ್ನು ನಿಯಮ ಮೀರುವುದಿಲ್ಲ ಅಂತ ಒಪ್ಪಿಕೋ, ಇಲ್ಲವೇ ಪಾಸ್ಟರ್ ಕೆಲಸ ಬಿಡು ಅಂದರು. ಅವರು ಒಪ್ಪಲಿಲ್ಲ. 2013ರ ಡಿಸೆಂಬರ್‌ನಲ್ಲಿ, ಕ್ರಿಸ್ಮಸ್ಸಿಗೆ ಒಂದು ವಾರ ಇರುವಾಗ, ಅವರ ಪಾಸ್ಟರ್ ಪದವಿ ಕಿತ್ತುಕೊಂಡರು. ಮರುವರ್ಷ ಮೇಲ್ಮನವಿಯಲ್ಲಿ ವಾಪಸ್ ಸಿಕ್ಕಿತು. ಮಗ ಬಂದು ಅಪ್ಪಾ ನನ್ನ ಮದುವೆ ಮಾಡಿಸು ಅಂದಾಗ ಮಾಡಿಸಿದ್ದು ತಪ್ಪಾದರೆ, ಮನೆ ಬಿಟ್ಟುಹೋಗಿ ವಾಪಸ್ ಬಂದ ಮಗನನ್ನು ಅಪ್ಪ ತಬ್ಬಿಕೊಳ್ಳುವ ಯೇಸುವಿನ ಕಥೆ, ಆ ತಪ್ಪಿಹೋದ ಮಗನ ಸಾಮ್ಯವನ್ನು ನಾವು ಯಾವ ಬಾಯಲ್ಲಿ ಓದಬೇಕು?

ಇದನ್ನು ಒಪ್ಪಿದರೆ ಸಭೆ ಒಡೆಯುತ್ತದೆ ಅನ್ನುವವರಿಗೂ ಉತ್ತರ ಕೊಡಬೇಕು. ಅಮೆರಿಕದಲ್ಲಿ ಒಡೆದದ್ದು ನಿಜ. ಆದರೆ ಯಾವಾಗ ಒಡೆಯಿತು ನೋಡಿ. 2019ರಲ್ಲಿ ಯುನೈಟೆಡ್ ಮೆಥೋಡಿಸ್ಟರು ಸೇಂಟ್ ಲೂಯಿಸ್‌ನಲ್ಲಿ ಸೇರಿ, 438ಕ್ಕೆ 384 ವೋಟಿನಲ್ಲಿ ನಿಷೇಧವನ್ನು ಇನ್ನೂ ಬಿಗಿ ಮಾಡಿದರು. ಅಲ್ಲಿಂದ 2023ರ ಕೊನೆಯೊಳಗೆ 7,600ಕ್ಕೂ ಜಾಸ್ತಿ ಸಭೆಗಳು ಬಿಟ್ಟುಹೋದವು. ಅಲ್ಲಿನ ಸಭೆಗಳಲ್ಲಿ ಸುಮಾರು ಕಾಲು ಭಾಗ. ಅಷ್ಟೂ ದಿನ ನಿಷೇಧ ಪುಸ್ತಕದಲ್ಲಿ ಇದ್ದೇ ಇತ್ತು! ಬಿಷಪ್ಪರು ಅದನ್ನು ಸರಿಯಾಗಿ ಜಾರಿ ಮಾಡುತ್ತಿಲ್ಲ ಅನ್ನುವುದು ಹೋದವರ ಸಿಟ್ಟು. ಅದರಲ್ಲಿ ಸತ್ಯವಿದೆ, ಎಷ್ಟೋ ಕಡೆ ಬಿಷಪ್ಪರಿಗೆ ಮನಸ್ಸು ಬರಲಿಲ್ಲ. ಒಬ್ಬ ಅಪ್ಪನನ್ನು ಕಟಕಟೆಯಲ್ಲಿ ನಿಲ್ಲಿಸುವ ನಿಯಮವನ್ನು ಎಷ್ಟು ದಿನ ಜಾರಿ ಮಾಡಲಾಗುತ್ತದೆ?

2024ರ ಮೇ ತಿಂಗಳಲ್ಲಿ ಷಾರ್ಲೆಟ್ ನಗರದಲ್ಲಿ ಆ ನಿಷೇಧಗಳನ್ನು ತೆಗೆದರು. ಪಾಸ್ಟರ್ ಆಗಲು ಇದ್ದ ನಿಷೇಧ ಚರ್ಚೆಯೇ ಇಲ್ಲದೆ ಹೋಯಿತು, 692ಕ್ಕೆ 51. ಐವತ್ತೆರಡು ವರ್ಷದ ಆ ಹಳೇ ವಾಕ್ಯ ಮರುದಿನ ಹೋಯಿತು, 523ಕ್ಕೆ 161. ವಿರೋಧಿಸುವವರು ಬಹಳಷ್ಟು ಜನ ಆಗಲೇ ಹೊರಟಿದ್ದರು ಅನ್ನುವುದನ್ನೂ ಹೇಳಬೇಕು. ಅದೇ ಚರ್ಚಿಗೆ ಸೇರಿದ್ದ, ಹತ್ತು ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಆಫ್ರಿಕಾದ ಐವರಿ ಕೋಸ್ಟ್‌ನ ಸಭೆಗಳು ಅದೇ ತಿಂಗಳು ಬಿಟ್ಟುಹೋಗಲು ತೀರ್ಮಾನಿಸಿದವು. ಆ ನೋವು ಸಣ್ಣದಲ್ಲ. ಅವರೂ ಸತ್ಯವೇದ (ಬೈಬಲ್) ಎದೆಗೊತ್ತಿಕೊಂಡೇ ಹೋದವರು.

ಸತ್ಯವೇದದ ಪ್ರಶ್ನೆಯನ್ನು ನಾನು ತಪ್ಪಿಸಿಕೊಳ್ಳುವುದಿಲ್ಲ. ರೋಮಾಪುರದವರಿಗೆ ಅಪೊಸ್ತಲ ಪೌಲ ಬರೆದ ಪತ್ರಿಕೆಯ ಮೊದಲ ಅಧ್ಯಾಯ ಸಲಿಂಗ ಸಂಬಂಧವನ್ನು ತಪ್ಪು ಅನ್ನುತ್ತದೆ, ಅದು ನನಗೂ ಗೊತ್ತು. ಆದರೆ ಹೆಂಗಸರು ಸಭೆಯಲ್ಲಿ ಮಾತಾಡಬಾರದು ಅಂತ ಕೊರಿಂಥದವರಿಗೆ ಬರೆದವನೂ ಅದೇ ಪೌಲ, ಅಲ್ವಾ? ಅದನ್ನೂ ಓದಿ, ಪ್ರಾರ್ಥಿಸಿ, 1976ರಲ್ಲಿ ಸಿಎಸ್‌ಐ ಮೊದಲ ಸಲ ಒಬ್ಬ ಹೆಂಗಸಿಗೆ ಪಾಸ್ಟರ್ ದೀಕ್ಷೆ ಕೊಟ್ಟಿತು. 2013ರಲ್ಲಿ ಪುಷ್ಪಲಲಿತಾ ಅವರು ಆಂಧ್ರದ ನಂದ್ಯಾಲದಲ್ಲಿ ಬಿಷಪ್ ಆದರು. ಇವತ್ತು ಹೆಂಗಸಿನ ಕೈಯಿಂದ ರೊಟ್ಟಿ, ದ್ರಾಕ್ಷಾರಸ ತಗೊಳ್ಳುವ ನಮ್ಮ ಹಿರಿಯರು ಯಾರೂ ವಾಕ್ಯ ಬಿಟ್ಟವರಲ್ಲ. ಹಾಗೆ ಓದುವ ತಾಳ್ಮೆಯನ್ನು ಈ ಮಕ್ಕಳ ವಿಷಯದಲ್ಲೂ ತೋರಿಸಿ ಅಂತ ಕೇಳುತ್ತಿದ್ದೇನೆ. ನಾಳೆಯೇ ವೋಟು ಹಾಕಿ ಅನ್ನುತ್ತಿಲ್ಲ. ಅವರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿ. ರೆಸ್ಟ್ ತಗೋ ಅಂತ ಕಳಿಸಬೇಡಿ.

ಆ ಹುಡುಗನ ಮದುವೆ ಹೋದ ವರ್ಷ ಆಯಿತು, ಅವನು ನುಡಿಸುವ ಅದೇ ಸಭೆಯಲ್ಲಿ. ಅವನ ಅಮ್ಮ ಈಗಲೂ ನಮ್ಮಲ್ಲಿ ಮೂರನೇ ಸಾಲಿನಲ್ಲಿ ಕೂರುತ್ತಾರೆ. ಮೊನ್ನೆ ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದು ಫೋನಿನಲ್ಲಿ ಫೋಟೋ ತೋರಿಸಿದರು. "ಮೂರು ವಾರ ಹೆಸರು ಓದಿದ್ರೇನೋ ಅಂತ ಕೇಳ್ದೆ ಕಣಮ್ಮ. ಅವರಲ್ಲಿ ಆ ಪದ್ಧತಿ ಇಲ್ವಂತೆ, ಆಫೀಸಲ್ಲಿ ನೋಟಿಸ್ ಕೊಡ್ತಾರಂತೆ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮನೆ ಪ್ರಾರ್ಥನೆ ಕೂಟದಲ್ಲಿ ಹೊರದೇಶದಲ್ಲಿರೋ ಮಕ್ಕಳ ಹೆಸರು ಓದ್ತೀರಲ್ಲ" ಅಂದವರು ಅಲ್ಲಿಗೇ ನಿಲ್ಲಿಸಿದರು.

ಗುರುವಾರ ಸಂಜೆ ಆರಕ್ಕೆ ಕೂಟ ಇದೆ. ಪಟ್ಟಿಯಲ್ಲಿ ಇಬ್ಬರ ಹೆಸರನ್ನೂ ಒಂದೇ ಸಾಲಿನಲ್ಲಿ ಬರೆದಿದ್ದೇನೆ. ನಾನೇ ಓದುತ್ತೇನೆ.