ಕೆಲಸ ಬಿಟ್ಟರೆ ಜೀವನಾಂಶ ತಪ್ಪುತ್ತಾ ಸ್ವಾಮಿ?

ಬೆಳಗ್ಗೆ ಕಾಫಿ ಹಿಡಿದು ಫೋನ್ ತೆಗೆದರೆ ಮತ್ತದೇ ರೀಲ್. ಕಪ್ಪು ಕನ್ನಡಕದ 'ಪುರುಷ ಹಕ್ಕು ಹೋರಾಟಗಾರ'ರೊಬ್ಬರು ಕಾರಲ್ಲಿ ಕೂತು ಅಪ್ಪಣೆ ಕೊಡಿಸ್ತಿದ್ದಾರೆ: "ಹೆಂಡ್ತಿ ಕೇಸ್ ಹಾಕಿದ್ಲಾ? ಮೊದ್ಲು ರಾಜೀನಾಮೆ ಬಿಸಾಕಿ ಬ್ರೋ. ಸಂಬಳಾನೇ ಇಲ್ದಿದ್ರೆ ಕೋರ್ಟು ಏನ್ ಕಿತ್ಕೊಳತ್ತೆ?" ಕೆಳಗೆ ಸಾಲು ಸಾಲು ಬೆಂಕಿ ಇಮೋಜಿ. ನನಗೂ ಬೆಂಕಿಯೇ ಹತ್ತಿತು, ಬೇರೆ ಜಾಗದಲ್ಲಿ.

ನಾನು ಹೆಣ್ಣುಮಕ್ಕಳ ಕಡೆ ಅಂತ ಇಲ್ಲಿರೋರಿಗೆಲ್ಲ ಗೊತ್ತು, ಪೀಠಿಕೆ ಬೇಡ. ಆದರೆ ಈ ಸಲದ ಸಿಟ್ಟು ಗಂಡಸರ ಪರವಾಗಿಯೇ.

ಕೋರ್ಟು ಏನು ಕಿತ್ಕೊಳ್ಳುತ್ತೆ ಅಂದರೆ, ಕೇಳಿ. 2020ರಲ್ಲಿ ರಜನೇಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶದ ಕೇಸಲ್ಲಿ ಗಂಡ ಹೆಂಡತಿ ಇಬ್ಬರೂ ಆಸ್ತಿ–ಸಾಲದ ಅಫಿಡವಿಟ್ ಹಾಕಲೇಬೇಕು ಅಂದಿದೆ. ಮಾರ್ಚಿಯಲ್ಲಿ ಅರ್ಜಿ, ಏಪ್ರಿಲಲ್ಲಿ ರಾಜೀನಾಮೆ ಅಂದರೆ ಜಡ್ಜ್‌ಗೆ ಅರ್ಥವಾಗಲ್ವಾ? ಗಟ್ಟಿಮುಟ್ಟಾಗಿದ್ದವನು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನ ಸಾಕಬೇಕು ಅಂತ 2022ರ ಅಂಜು ಗರ್ಗ್ ತೀರ್ಪಲ್ಲಿ ಅದೇ ಕೋರ್ಟ್ ಹೇಳಿದೆ. ಜೀವನಾಂಶ ಆದೇಶದ ದಿನದಿಂದ ಅಲ್ಲ, ಅರ್ಜಿ ಹಾಕಿದ ದಿನದಿಂದ. ತಿಂಗಳಿಗೆ 15,000 ಅಂತ ಆಗಿ ಕೇಸು 18 ತಿಂಗಳು ಎಳೆದಿತ್ತು ಅನ್ನಿ, ಬಾಕಿಯೇ 2,70,000. ಕಟ್ಟದಿದ್ದರೆ ವಾರಂಟು, ಬಾಕಿ ಉಳಿದ ಒಂದೊಂದು ತಿಂಗಳಿಗೆ ಒಂದೊಂದು ತಿಂಗಳವರೆಗೂ ಜೈಲು. ಕೈಯಲ್ಲಿ ಕೆಲಸ ಇಲ್ಲ. ರೀಲ್ ಮಾಡಿದವನು ಕಟ್ಟುತ್ತಾನಾ?

ಹೇಳಬೇಕಿದ್ದದ್ದು ಇಷ್ಟೇ: ಅಫಿಡವಿಟ್ಟನ್ನ ಮನಸ್ಸಿಟ್ಟು ತುಂಬಿ. ಮನೆ ಸಾಲದ ಕಂತು, ಅಪ್ಪನ ಡಯಾಲಿಸಿಸ್ ಬಿಲ್ಲು, ತಂಗಿ ಫೀಸು, ಎಲ್ಲಕ್ಕೂ ದಾಖಲೆ ಲಗತ್ತಿಸಿ. ಆಕೆ ದುಡಿಯುತ್ತಿದ್ದರೆ ಆಕೆಯ ಅಫಿಡವಿಟ್ಟೂ ಬರಲೇಬೇಕು, ಕೇಳಿ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಒಂದು ಕೇಸು, ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲು ಬಂದ ಹೊಸ ಸಂಹಿತೆ) 144ರಡಿ ಜೀವನಾಂಶಕ್ಕೆ ಇನ್ನೊಂದು ಇದ್ದರೆ, ಮೊದಲ ಆದೇಶದ ಸರ್ಟಿಫೈಡ್ ಕಾಪಿ ಎರಡನೇ ಕೋರ್ಟಿಗೆ ಕೊಡಿ, ಅಲ್ಲಿ ಕಟ್ಟುತ್ತಿರೋದನ್ನ ಇಲ್ಲಿ ಹೊಂದಿಸಿಕೊಳ್ಳಬೇಕು ಅಂತ ಅದೇ 2020ರ ತೀರ್ಪಲ್ಲಿದೆ. ಇದರಲ್ಲಿ ಡೈಲಾಗ್ ಇಲ್ಲ ನೋಡಿ, ವೈರಲ್ ಆಗಲ್ಲ.

ಎರಡನೇ ಅಪ್ಪಣೆ: "ಫೋನ್ ಸ್ವಿಚ್ ಆಫ್ ಮಾಡಿ ಹತ್ತು ದಿನ ಊರು ಬಿಡಿ." ಅಯ್ಯಾ, ಹೆಂಡತಿ ಮೇಲಿನ ಕ್ರೌರ್ಯದ ಹಳೇ ಐಪಿಸಿ 498ಎ ಈಗ ಬಿಎನ್‌ಎಸ್ (ಐಪಿಸಿ ಬದಲು ಬಂದ ಹೊಸ ದಂಡ ಸಂಹಿತೆ) 85. ಗರಿಷ್ಠ ಶಿಕ್ಷೆ ಮೂರು ವರ್ಷ. ಇಂಥ ಕೇಸಲ್ಲಿ ಎಫ್‌ಐಆರ್ ಆದ ಕೂಡಲೇ ಎಳ್ಕೊಂಡು ಹೋಗೋ ಹಾಗಿಲ್ಲ ಅಂತ 2014ರಲ್ಲೇ ಅರ್ನೇಶ್ ಕುಮಾರ್ ತೀರ್ಪು ಬಂದಿದೆ. ಬಂಧನದ ಅಗತ್ಯವಿಲ್ಲದಿದ್ದರೆ ಪೊಲೀಸರು ಹಾಜರಾಗಿ ಅಂತ ಬಿಎನ್‌ಎಸ್‌ಎಸ್ 35(3)ರ ನೋಟಿಸ್ ಕೊಡಬೇಕು. ನೋಟಿಸ್ ಪ್ರಕಾರ ಹಾಜರಾಗುತ್ತಾ ಇರುವವನನ್ನ ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ಊರು ಬಿಟ್ಟರೆ? ಆ ಕಾರಣವನ್ನ ನೀವೇ ಬರೆದುಕೊಟ್ಟ ಹಾಗೆ. ವಾಟ್ಸಾಪಲ್ಲಿ ಬಂದ ನೋಟಿಸ್ ಕಾನೂನಿನ ಪ್ರಕಾರ ನೋಟಿಸ್ಸೇ ಅಲ್ಲ ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ನಿಜ. ಹಾಗಂತ ಬ್ಲಾಕ್ ಮಾಡಿ ಕೂರಬೇಡಿ. ವಕೀಲರ ಮೂಲಕ ಲಿಖಿತ ಪ್ರತಿ ಕೇಳಿ, ಹೇಳಿದ ದಿನ ಹೋಗಿ, ಹೋಗಿದ್ದಕ್ಕೆ ಸ್ವೀಕೃತಿ ತಗೊಳ್ಳಿ. (ಇನ್ನೊಂದು ತಮಾಷೆ: "482 ಹಾಕಿ ಕೇಸು ರದ್ದು ಮಾಡಿಸಿ" ಅಂತ ಈಗಲೂ ಹೇಳ್ತಾರೆ. ಅದು ಸಿಆರ್‌ಪಿಸಿಯ ಹಳೇ ನಂಬರ್. ಬಿಎನ್‌ಎಸ್‌ಎಸ್‌ನಲ್ಲಿ 482 ಅಂದರೆ ನಿರೀಕ್ಷಣಾ ಜಾಮೀನು. ರದ್ದತಿಗೆ 528.)

ಈಗ ಕಮೆಂಟಲ್ಲಿ ಒಬ್ಬರು ಬಂದೇ ಬರ್ತಾರೆ: "2021ರಲ್ಲಿ 81,063 ವಿವಾಹಿತ ಪುರುಷರ ಆತ್ಮಹತ್ಯೆ, ಎನ್‌ಸಿಆರ್‌ಬಿ!" ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ್ದೇ ಸಂಖ್ಯೆ, ಸುಳ್ಳಲ್ಲ. ಅಷ್ಟೂ ಜನ ಹೆಂಡತಿ ಕೇಸಿನಿಂದ ಸತ್ತರು ಅಂತ ಆ ವರದಿ ಎಲ್ಲೂ ಹೇಳಿಲ್ಲ, ಅಷ್ಟೇ. ಅದೇ ವರ್ಷದ ವರದಕ್ಷಿಣೆ ಸಾವು 6,753, ಅದನ್ನ ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ. ಅದಿರಲಿ, ಸಂಖ್ಯೆ ಪಠಿಸಿದರೆ ಅಫಿಡವಿಟ್ ತುಂಬುತ್ತಾ?

ಒಪ್ಪಿಕೊಂಡುಬಿಡ್ತೀನಿ: ಬೇರೆ ಊರಲ್ಲಿರೋ ಮುದುಕಿ ಅತ್ತೆ, ಮದುವೆಯಾಗಿ ಹೋದ ನಾದಿನಿ ಎಲ್ಲರ ಹೆಸರನ್ನೂ ಎಫ್‌ಐಆರ್‌ಗೆ ತುರುಕೋದು ನನಗೂ ಅಸಹ್ಯವೇ. ಯಾರು ಏನು ಮಾಡಿದರು ಅಂತ ಹೇಳದ ಸಾರಾಸಗಟು ಆರೋಪದ ಮೇಲೆ ನೆಂಟರನ್ನ ವಿಚಾರಣೆಗೆ ಎಳೆಯಬಾರದು ಅಂತ 2022ರ ಕಹಕಶಾನ್ ಕೌಸರ್ ತೀರ್ಪಿದೆ. ಆದರೆ ನಾದಿನಿ ಆಗ ಹುಬ್ಬಳ್ಳಿಯಲ್ಲಿದ್ದಳು ಅನ್ನೋದಕ್ಕೆ ಬಾಡಿಗೆ ಕರಾರು, ಮಗುವಿನ ಶಾಲೆ ರಸೀದಿ ಹುಡುಕಿ ತೆಗೀಬೇಕು. ಹೆಣ್ಣುಕುಲವನ್ನ ಬೈಯೋದು ಅದಕ್ಕಿಂತ ಸುಲಭ.

ಮೂರನೇ ಅಪ್ಪಣೆ ಕೇಳಿ ಲೋಟ ಕೆಳಗಿಟ್ಟೆ: "ಒಡವೆ ಕೊಡ್ಬೇಡಿ, ಚೌಕಾಸಿಗೆ ಬರತ್ತೆ." ಆಕೆಗೆ ಬಂದ ಒಡವೆ ಸ್ತ್ರೀಧನ, ಅದು ಆಕೆಯದು. ಹಿಡಿದಿಟ್ಟರೆ ನಂಬಿಕೆ ದ್ರೋಹ, ಬಿಎನ್‌ಎಸ್ 316, ಇನ್ನೊಂದು ಕೇಸು. ತೂಕ ಹಾಕಿಸಿ, ಫೋಟೊ ತೆಗೆದು, ಪಟ್ಟಿ ಮಾಡಿ, ಸಹಿ ಹಾಕಿಸಿಕೊಂಡು ಕೊಟ್ಟುಬಿಡಿ.

ಆ ಪಟ್ಟಿ ಮದುವೆ ದಿನವೇ ಇರಬೇಕಿತ್ತು ಅನ್ನೋದು ಎಷ್ಟು ಜನಕ್ಕೆ ಗೊತ್ತು? ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲೇ ನಿಯಮ ಬಂದಿದೆ: ಕೊಟ್ಟ ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ, ಕೆಳಗೆ ವಧು ವರ ಇಬ್ಬರ ಸಹಿ. ಛತ್ರದ ಬಾಗಿಲಲ್ಲಿ ಮುಯ್ಯಿ ಪುಸ್ತಕ ಹಿಡಿದು "ಸೋದರತ್ತೆ ಮಗ, ತಿಪಟೂರು, 501" ಅಂತ ಮುತ್ತು ಪೋಣಿಸಿದ ಹಾಗೆ ಬರೀತೀವಲ್ಲ, ಅದರಲ್ಲೇ ಎರಡು ಹಾಳೆ ಸಾಕಿತ್ತು. ಯಾಕೆ ಬರೆಯಲ್ಲ ಹೇಳಲಾ? ಬರೆಯೋಕೆ ಕೂತರೆ ಹುಡುಗನ ಕಡೆಯವರು ಕೇಳಿ ತಗೊಂಡ ಕಾರೂ ಪಟ್ಟಿಗೆ ಬರುತ್ತೆ.